ಪ್ರಪಂಚದ ಇತಿಹಾಸಗಳೂ ಮನಗೂಳಿಯ ಶಾಸನವೂ

ಪ್ರಪಂಚದ ಇತಿಹಾಸವೆಂಬ ಹೆಸರಿನಿಂದ ಪಾಠಶಾಲೆಗಳಿಗಾಗಿಯೂ ಸಾಮಾನ್ಯ ವಾಚಕರಿಗಾಗಿಯೂ ಕನ್ನಡದಲ್ಲಿ ಹೊರಬಂದಿರುವ ಗ್ರಂಥಗಳನ್ನು ತೆರೆದು ನೋಡಿದರೆ, ಅವುಗಳ ವಿಷಯಾನುಕ್ರಮವು ಬಹುಮಟ್ಟಿಗೆ ಒಂದೇ ಆಗಿರುವುದು ಕಂಡುಬರುತ್ತದೆ. ಮೊದಲು ನೈಲ್ ನದಿಯ ತೀರ. ಅನಂತರ ಯೂಫ್ರೆಟಿಸ್ ಟೈಗ್ರಿಸ್ ನದಿಗಳ ನಡುವಣ ನಾಡು, ಸಿಂಧೂ ಕಣಿವೆ, ಚೀನದ ಹಳದಿ ನದಿ. ಅಲ್ಲಿಂದ ಗ್ರೀಸ್ ಮತ್ತು ರೋಮ್. ಆಮೇಲೆ ಮಧ್ಯಯುಗವೆಂಬ ಒಂದು ದೀರ್ಘವಾದ ಇರುಳು. ಕಟ್ಟಕಡೆಗೆ 1492ರಲ್ಲಿ ಕೊಲಂಬಸನು, 1498ರಲ್ಲಿ ವಾಸ್ಕೋ ಡ ಗಾಮನು, 1522ರಲ್ಲಿ ಭೂಮಂಡಲವನ್ನು ಸುತ್ತಿ ಮರಳಿದ ಮೆಗಲನನ ಹಡಗು. ಇಲ್ಲಿಗೆ ಪ್ರಥಮ ಭಾಗವು ಮುಗಿಯುತ್ತದೆ. ಇವುಗಳಲ್ಲಿ ಹೇಳಿರುವ ಸಂಗತಿಗಳು ಪ್ರಾಯಶಃ ಸರಿಯಾಗಿಯೇ ಇರುತ್ತವೆ. ದೋಷವಿರುವುದು ಸಂಗತಿಗಳಲ್ಲಲ್ಲ, ಅವನ್ನು ಹೆಣೆದಿರುವ ಸೂತ್ರದಲ್ಲಿ.

ಒಂದು ಪ್ರಬಂಧದ ತಾತ್ಪರ್ಯವು ಯಾವುದೆಂದು ನಿರ್ಣಯಿಸುವುದಕ್ಕೆ ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರಗಳ ಐಕ್ಯ, ಎಂದರೆ ಎಲ್ಲಿ ಆರಂಭಿಸಿ ಎಲ್ಲಿ ಮುಗಿಸುತ್ತಾನೆಂಬುದು. ಈ ನ್ಯಾಯವನ್ನು ಪ್ರಪಂಚದ ಇತಿಹಾಸಗಳಿಗೆ ಹಚ್ಚಿದರೆ ಗ್ರಂಥಕರ್ತನು ಬಾಯಿಬಿಟ್ಟು ಹೇಳದಿರುವ ಅರ್ಥವು ತಾನಾಗಿಯೇ ಹೊರಬೀಳುವುದು. ನದೀತೀರಗಳಲ್ಲಿ ಹುಟ್ಟಿದ ಸಂಸ್ಕೃತಿಗಳೆಲ್ಲವೂ ಕ್ರಮಕ್ರಮವಾಗಿ ಹರಿದು ಲಿಸ್ಬನ್ನಿನ ಬಂದರಿನಲ್ಲಿ ಕೂಡಿಕೊಂಡು, ಅಲ್ಲಿಂದ ಹಡಗುಗಳಾಗಿ ಹೊರಟು ಉಳಿದ ಪ್ರಪಂಚವನ್ನು ಎಬ್ಬಿಸಿದವೆಂಬುದೇ ಆ ಅರ್ಥ. ಅಭ್ಯಾಸವೂ ಅದನ್ನೇ ಸಮರ್ಥಿಸುತ್ತದೆ. ಏಕೆಂದರೆ ಯುರೋಪಿನ ಹೆಸರು ಪ್ರತಿ ಅಧ್ಯಾಯದಲ್ಲಿಯೂ ಮರಳಿ ಮರಳಿ ಬರುವುದು, ಮಿಕ್ಕ ನಾಡುಗಳು ಒಂದೊಂದು ಸಾರಿ ಮುಖ ತೋರಿಸಿ ಮರೆಯಾಗುವುವು.

ಈ ಗ್ರಂಥಗಳಿಗೆ ಮೂಲಮಾದರಿಯಾಗಿರುವ ಎರಡು ಪ್ರಸಿದ್ಧ ಕೃತಿಗಳನ್ನು ಇಲ್ಲಿ ಸ್ಮರಿಸಬೇಕು. ಒಂದು, ಎಚ್. ಜಿ. ವೆಲ್ಸ್ ಮಹಾಶಯನು 1919-20ರಲ್ಲಿ ಪ್ರಕಟಿಸಿದ ಇತಿಹಾಸದ ರೂಪರೇಖೆ. ಮತ್ತೊಂದು, ಜವಾಹರಲಾಲ ನೆಹರೂರವರು 1930ರ ಅಕ್ಟೋಬರಿನಿಂದ 1933ರ ಆಗಸ್ಟಿನ ವರೆಗೆ ಸೆರೆಮನೆಯಿಂದ ಮಗಳಿಗೆ ಬರೆದ 196 ಪತ್ರಗಳ ಸಂಗ್ರಹ. ವೆಲ್ಸನು ಅಶೋಕನಿಗೆ ಸಲ್ಲಿಸಿದ ಗೌರವವು ಲೋಕವಿಖ್ಯಾತವಾಗಿದೆ. ದಕ್ಷಿಣಾಪಥದ ವಿಷಯದಲ್ಲಿಯಾದರೋ ಆತನು ಹೇಳುವುದು ಬಹು ಸ್ವಲ್ಪ. ನೆಹರೂರವರ ಪತ್ರಗಳಲ್ಲಿ ಚಾಲುಕ್ಯರ ಹೆಸರೂ ಬರುತ್ತದೆ, ವಿಜಯನಗರಕ್ಕೂ ಸ್ಥಳವಿದೆ. ಪುಸ್ತಕಭಂಡಾರದ ನೆರವಿಲ್ಲದೆ ಕಾರಾಗೃಹದಲ್ಲಿ ಕುಳಿತು ಬರೆದವರು ಇಷ್ಟನ್ನು ಮರೆಯದಿರುವಾಗ, ಗ್ರಂಥಾಲಯಗಳ ನಡುವೆ ಕುಳಿತು ಕನ್ನಡದಲ್ಲಿಯೇ ಬರೆಯುವವರು ಇದಕ್ಕಿಂತ ಕಡಮೆ ಹೇಳುವುದು ಸೋಜಿಗವಾಗಿದೆ. ವೆಲ್ಸನು ಹೊಗಳಿದ ಆ ದೇವಾನಾಂಪ್ರಿಯನು ಅಶೋಕನೇ ಎಂದು ಹೆಸರಿಟ್ಟು ಹೇಳಿದ ಮೊದಲನೆಯ ಶಿಲಾಲೇಖವು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆಯಿತು. ಪ್ರಪಂಚದ ಕಾಲಗಣನೆಯ ಒಂದು ಮುಖ್ಯವಾದ ಗಂಟು ಕನ್ನಡ ನೆಲದ ಕಲ್ಲಿನ ಮೇಲೆ ಬಿಗಿಯಿತೆಂಬುದನ್ನು ಕನ್ನಡದ ವಿದ್ಯಾರ್ಥಿಯು ತಿಳಿಯಬೇಡವೆ?

ಮೊದಲು ಪರಿಭಾಷೆಯನ್ನು ಪರೀಕ್ಷಿಸುವುದು ಯುಕ್ತ. ನಾಗರಿಕತೆಯೆಂಬ ಮಾತು ಈಗ ರೂಢಿಯಾಗಿದೆ. ವಾತ್ಸ್ಯಾಯನನ ಕಾಲದಲ್ಲಿ ನಾಗರಕನೆಂದರೆ ಪಟ್ಟಣದಲ್ಲಿ ವಾಸಿಸುತ್ತ ಗಂಧಮಾಲ್ಯಗಳಲ್ಲಿಯೂ ಗೋಷ್ಠಿಗಳಲ್ಲಿಯೂ ಹೊತ್ತುಗಳೆಯುವ ರಸಿಕನು. ಆ ಶಬ್ದದಿಂದ ಒಂದು ಜನಾಂಗದ ಸಮಗ್ರ ಬಾಳನ್ನು ಅಳೆಯಹೊರಟರೆ ಅವ್ಯಾಪ್ತಿದೋಷವು ತಪ್ಪದು. ಕೋಟೆಕೊತ್ತಲಗಳ ಅವಶೇಷವಿಲ್ಲದ ನಾಡುಗಳು ಶಬ್ದಮಾತ್ರದಿಂದಲೇ ಹೊರಗುಳಿಯುವುವು. ಮಧ್ಯಯುಗವೆಂಬ ಮಾತು ಇನ್ನೂ ಅನುಚಿತವಾದುದು. ಯಾವುದರ ಮಧ್ಯ? ರೋಮಿನ ಪತನಕ್ಕೂ ಇಟಲಿಯ ಪುನರುಜ್ಜೀವನಕ್ಕೂ ನಡುವಣ ಕಾಲವು ಯುರೋಪಿಗೆ ಮಧ್ಯವಾಗಿರಬಹುದು. ಕನ್ನಡ ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯನು ಅದೇ ಕಾಲವನ್ನು ಆದಿಯೆಂದು ಹೇಳಬೇಕಾಗಿದೆ.

ಅಮೋಘವರ್ಷ ನೃಪತುಂಗನು ಪಟ್ಟವೇರಿದುದು 814ರಲ್ಲಿ. ಅದೇ ವರ್ಷ ಯುರೋಪಿನಲ್ಲಿ ಷಾರ್ಲಮೇನ್ ಚಕ್ರವರ್ತಿಯು ತೀರಿಕೊಂಡನು. ಷಾರ್ಲಮೇನನ ವಿಷಯವಾಗಿ ಕನ್ನಡ ಕೈಪಿಡಿಗಳಲ್ಲಿ ಪುಟಗಟ್ಟಲೆ ಬರವಣಿಗೆಯಿರುತ್ತದೆ. ನೃಪತುಂಗನಿಗೆ ಪ್ರಪಂಚದ ಇತಿಹಾಸದಲ್ಲಿ ಸ್ಥಾನವಿಲ್ಲ. ಅವನು ಕರ್ನಾಟಕದ ಇತಿಹಾಸವೆಂಬ ಬೇರೊಂದು ಪುಸ್ತಕದಲ್ಲಿ ಇರುವನು. ಆ ಕಾಲದ ಅರಬ ವರ್ತಕರು ಈ ಭೇದವನ್ನು ಅರಿಯರು. 851ರಲ್ಲಿ ಸಂಗ್ರಹವಾದ, ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವೃತ್ತಾಂತದಲ್ಲಿ ಭೂಮಂಡಲದ ನಾಲ್ವರು ಮಹಾರಾಜರನ್ನು ಎಣಿಸಲಾಗಿದೆ. ಬಗ್ದಾದಿನ ಖಲೀಫನು, ಚೀನದ ಚಕ್ರವರ್ತಿಯು, ರೂಮಿನ ದೊರೆಯು, ನಾಲ್ಕನೆಯವನು ಬಲ್ಹರನು. ಬಲ್ಹರನೆಂದರೆ ವಲ್ಲಭರಾಜ, ರಾಷ್ಟ್ರಕೂಟ ಚಕ್ರವರ್ತಿ. ಕವಿರಾಜಮಾರ್ಗವು ಹುಟ್ಟಿದುದು ಈ ದೊರೆಯ ಆಸ್ಥಾನದಲ್ಲಿ, ಸುಮಾರಾಗಿ ಇದೇ ಕಾಲದಲ್ಲಿ. ಕನ್ನಡದ ಮೊದಲನೆಯ ಲಕ್ಷಣಗ್ರಂಥವನ್ನು ಪಾಠ ಹೇಳುವವನು ಈ ಅರಬ ಸಾಕ್ಷ್ಯವನ್ನು ಅದರ ಪಕ್ಕದಲ್ಲಿಟ್ಟು ಹೇಳಿದರೆ, ಕತ್ತಲೆಯ ಯುಗವೆಂಬ ಮಾತಿಗೆ ಬೇರೆ ಖಂಡನೆ ಬೇಕಾಗುವುದಿಲ್ಲ. ಮುಂದಿನ ಶತಮಾನದಲ್ಲಿ ಮಸೂದಿಯು ಬಲ್ಹರನ ರಾಜಧಾನಿಯಾದ ಮಾನ್ಯಖೇಟವನ್ನು ಮಾನ್ಕೀರ್ ಎಂದು ಹೆಸರಿಸಿ, ಅಲ್ಲಿಯ ಜನರ ನುಡಿಗೆ ಕೀರಿಯಾ ಎಂದು ಹೇಳಿದ್ದಾನೆ. ಇದು ಕನ್ನಡವೇ ಆಗಿರಬೇಕೆಂದು ಊಹಿಸುವುದಕ್ಕೆ ಅವಕಾಶವಿದೆ. ಊಹೆಯನ್ನು ಊಹೆಯೆಂದೇ ಹೇಳಬೇಕು.

ಈ ಎಚ್ಚರಿಕೆಯು ಅಗತ್ಯವಾಗಿ ಬೇಕಾಗಿರುವುದು ಇನ್ನೊಂದು ಪಕ್ಷದ ದೋಷವನ್ನು ನೋಡಿದಾಗ. ವಿಜಯಪುರದಲ್ಲಿ 1880ರಲ್ಲಿ ಜನಿಸಿದ ಆಲೂರ ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಪ್ರಕಟಿಸಿ, ಪರರ ಚರಿತ್ರೆಯನ್ನೇ ಓದುತ್ತಿದ್ದ ಜನರನ್ನು ಎಬ್ಬಿಸಿದರು. ಅದು ಆ ಕಾಲಕ್ಕೆ ಬೇಕಾಗಿದ್ದ ಕಾರ್ಯ. ಅವರ ಹೆಸರನ್ನು ಹೇಳಿಕೊಂಡು ಬಂದ ಕೆಲವರು ಮಾತ್ರ ಪ್ರಪಂಚದ ಯಾವ ಮೂಲೆಯಲ್ಲಿ ಯಾವ ಶಬ್ದವು ಕಿವಿಗೆ ಬಿದ್ದರೂ ಅದು ಕನ್ನಡವೇ ಎಂದು ಸಾಧಿಸತೊಡಗಿದರು. ಒಂದು ತಪ್ಪನ್ನು ತಿದ್ದಲು ಇನ್ನೊಂದು ತಪ್ಪನ್ನು ಮಾಡುವುದು ಪಾಂಡಿತ್ಯದ ಲಕ್ಷಣವಲ್ಲ.

ಉದಾಹರಣೆಗೆ ಟಾಲೆಮಿಯ ಭೂಗೋಳವನ್ನು ತೆಗೆದುಕೊಳ್ಳಬಹುದು. ಕ್ರಿ. ಶ. ಎರಡನೆಯ ಶತಮಾನದ ಈ ಗ್ರಂಥದಲ್ಲಿ ಬರುವ ಮೂರು ಸ್ಥಳನಾಮಗಳನ್ನು ಬಾದಾಮಿ, ಇಂಡಿ ಮತ್ತು ಸಿಂದಗಿ ಸೀಮೆಯ ಕಲಕೇರಿ ಎಂದು ಗುರುತಿಸಿ, 1884ರ ಬಿಜಾಪುರ ಗ್ಯಾಸೆಟಿಯರಿನಲ್ಲಿ ಬರೆದಿದೆ. ಅಂದಿನಿಂದ ಇದು ಸಿದ್ಧಾಂತವೆಂಬಂತೆ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿದೆ. ವಿಚಾರಿಸಿ ನೋಡಿದರೆ ಈ ಮೂರರ ಬಲವೂ ಸಮವಾಗಿಲ್ಲ. ಟಾಲೆಮಿಯು ಹೇಳುವ ಬನೌಅಸೆಯು ಬನವಾಸಿಯೆಂಬುದರಲ್ಲಿ ಸಂಶಯಕ್ಕೆ ಎಡೆ ಕಡಮೆ, ಏಕೆಂದರೆ ಆ ಕಾಲದಲ್ಲಿ ಬನವಾಸಿಯಿದ್ದುದಕ್ಕೆ ಶಾಸನಗಳ ಸ್ವತಂತ್ರ ಆಧಾರವುಂಟು. ಬಾದಾಮಿಯದು ಸಂಭಾವ್ಯ. ಇಂಡಿಯ ವಿಷಯದಲ್ಲಿ ಹೆಸರಿನ ಹೋಲಿಕೆಯೇ ಮುಖ್ಯವಾದ ಆಧಾರ. ಟಾಲೆಮಿಯ ಅಕ್ಷಾಂಶ ರೇಖಾಂಶಗಳಾದರೋ ದಕ್ಷಿಣ ಭಾರತದ ಆಕಾರವನ್ನೇ ಚಪ್ಪಟೆ ಮಾಡಿರುವುದರಿಂದ ಅವುಗಳ ಸಹಾಯವು ಅಷ್ಟಕ್ಕಷ್ಟೆ. ಇಂಡಿಯ ಜನರಿಗೆ ತಮ್ಮ ಊರು ಅಲೆಗ್ಸಾಂಡ್ರಿಯದ ಪಂಡಿತನಿಗೆ ತಿಳಿದಿತ್ತೆಂಬುದು ಹಿತವಾದ ಮಾತು, ಹಿತವಾದುದೆಲ್ಲವೂ ಸತ್ಯವಾಗಬೇಕಾದುದಿಲ್ಲ. ಈಜಿಪ್ತಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ ಪ್ರಹಸನದ ಕಥೆಯೂ ಹೀಗೆಯೇ. ಅದು 1903ರಲ್ಲಿ ಅಚ್ಚಾಯಿತು. ಅದರಲ್ಲಿಯ ಅನ್ಯಭಾಷೆಯ ಮಾತುಗಳು ಕನ್ನಡವಾಗಿರಬಹುದೆಂದು ಮರುವರ್ಷವೇ ಹುಲ್ಟ್ಸ್ ಪಂಡಿತನು ಸೂಚಿಸಿದನು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಾದವನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಅನೇಕರಿದ್ದಾರೆ. ಪಾಠಪುಸ್ತಕದಲ್ಲಿ ಇದನ್ನು ಸಿದ್ಧವಾದ ಸಂಗತಿಯೆಂದು ಬರೆಯುವುದೂ ತಪ್ಪು, ಪೂರ್ತಿಯಾಗಿ ಬಿಟ್ಟುಬಿಡುವುದೂ ತಪ್ಪು. ವಾದವನ್ನು ವಾದವಾಗಿ ಕೊಟ್ಟರೆ ವಿದ್ಯಾರ್ಥಿಗೆ ಇತಿಹಾಸವು ಹೇಗೆ ಕಟ್ಟಲ್ಪಡುವುದೆಂಬುದಾದರೂ ತಿಳಿದೀತು.

ಹೆಸರಿನ ಹೋಲಿಕೆಯಿಂದ ಎಂಥ ಪ್ರಮಾದವು ಸಂಭವಿಸುವುದೆಂಬುದಕ್ಕೆ ಮನಗೂಳಿಯ ಶಾಸನಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ದುರ್ಲಭ. ಮನಗೂಳಿಯು ವಿಜಯಪುರದ ಆಗ್ನೇಯಕ್ಕೆ, ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿರುವ ಊರು. ಪೂರ್ವದಲ್ಲಿ ತರ್ದವಾಡಿ ಸಾಸಿರದ ಸೀಮೆ. ಇಲ್ಲಿಯ ಶಾಸನಗಳನ್ನು ಫ್ಲೀಟ್ ಸಾಹೇಬರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಳಚುರಿ ಬಿಜ್ಜಳನ ಕಾಲದ, 1161ನೆಯ ಇಸವಿಗೆ ಸೇರಿದ ಶಾಸನದಲ್ಲಿ ಬಸವನೆಂಬೊಬ್ಬನು ಈ ಊರಿನಲ್ಲಿ ಶಿವಾಲಯವನ್ನು ಕಟ್ಟಿಸಿದ ಸಂಗತಿಯಿದೆ. ದೇವರಿಗೆ ದತ್ತಿಗಳು ಸಂದಾಗ ಊರಿಗೆ ಮಹಾಪ್ರಭುವಾಗಿದ್ದವನು ಮಾದಿರಾಜನೆಂದೂ ಇದೆ. ಕಾಲವು ಬಿಜ್ಜಳನದು, ಸ್ಥಳವು ಬಾಗೇವಾಡಿಯ ನೆರೆ, ಹೆಸರು ಬಸವ, ಜೊತೆಗೆ ಮಾದಿರಾಜನೆಂಬ ಹೆಸರು! ಈತನೇ ಕಲ್ಯಾಣದ ಬಸವಣ್ಣನೆಂಬ ಊಹೆಯು ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ಆಂಗ್ಲ ಗ್ರಂಥಗಳಲ್ಲಿ ಅದು ಬೇಗನೆ ಹಬ್ಬಿತು. ಆದರೆ ಮನಗೂಳಿಯ ಬಸವನ ವಂಶವನ್ನು ಹೇಳುವಲ್ಲಿ ಶಾಸನವು ಮಾದಿರಾಜನನ್ನು ಆತನ ತಂದೆಯೆಂದು ಹೇಳುವುದಿಲ್ಲ. ಮಾದಿರಾಜನು ಅಲ್ಲಿ ಊರೊಡೆಯನು ಮಾತ್ರ. ತರ್ದವಾಡಿಯ ಬಾಗವಾಡಿಯ ಒಡೆಯನಾದ ಮಾದಿರಾಜನ ಮಗನು ಬಸವರಾಜನೆಂದು ಸ್ಪಷ್ಟವಾಗಿ ಹೇಳಿರುವುದು ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನದಲ್ಲಿ. ಆದುದರಿಂದ ಒಂದೇ ಸೀಮೆಯಲ್ಲಿ ಒಂದೇ ಕಾಲದಲ್ಲಿ ಬಸವನೆಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿಯಿದ್ದರೆಂದು ತಿಳಿಯುವುದೇ ನ್ಯಾಯವಾಗಿದೆ. ಮನಗೂಳಿಯವರಿಗೆ ಇದು ನಷ್ಟವೆಂದು ತೋರಬಹುದು. ವಾಸ್ತವವಾಗಿ ಅವರಿಗೆ ಲಾಭವೇ ಆಗಿದೆ. ಮಹಾಪುರುಷನೊಬ್ಬನ ನೆರಳಿನಲ್ಲಿ ಮರೆಯಾಗಬೇಕಾಗಿದ್ದ ಆ ಊರಿನ ಭಕ್ತನು ತನ್ನ ಸ್ವಂತ ಹೆಸರಿನಿಂದಲೇ ಉಳಿದುಕೊಂಡನು.

ಈ ಶಿವಾಲಯದ ಕಲ್ಲು ನಿಂತ ಎರಡು ವರ್ಷಕ್ಕೆ, ಎಂದರೆ 1163ರಲ್ಲಿ, ಪ್ಯಾರಿಸ್ ಪಟ್ಟಣದ ನೋತ್ರ ದಾಮ್ ದೇವಾಲಯಕ್ಕೆ ಅಸ್ತಿಭಾರವಾಯಿತು. ಇಂಥ ಸಮಕಾಲೀನತೆಗಳನ್ನು ಪಟ್ಟಿ ಮಾಡಿ ಪ್ರಪಂಚದ ಇತಿಹಾಸವಾಯಿತೆಂದು ತಿಳಿಯುವವರುಂಟು. ಇದು ಪಂಚಾಂಗದ ಕೆಲಸವೇ ಹೊರತು ಇತಿಹಾಸವಲ್ಲ. ಎರಡು ಕಟ್ಟಡಗಳು ಒಂದೇ ಕಾಲದಲ್ಲಿ ಎದ್ದವೆಂದ ಮಾತ್ರಕ್ಕೆ ಅವುಗಳಿಗೆ ಸಂಬಂಧವು ಬರುವುದಿಲ್ಲ. ಸಂಬಂಧವನ್ನು ತೋರಿಸಬೇಕಾದರೆ ಸರಕು, ಜನ, ನುಡಿ, ಮತ, ವಿದ್ಯೆ ಇವುಗಳಲ್ಲಿ ಯಾವುದಾದರೊಂದು ಇಲ್ಲಿಂದ ಅಲ್ಲಿಗೆ ನಡೆದುದನ್ನು ತೋರಿಸಬೇಕು. ಅಂಥ ಸಾಕ್ಷ್ಯವೂ ಇದೇ ಸೀಮೆಯಲ್ಲಿದೆ. ಹಿಂದೆ ಬಿಜಾಪುರ ಜಿಲ್ಲೆಗೂ ಈಗ ಬಾಗಲಕೋಟೆ ಜಿಲ್ಲೆಗೂ ಸೇರಿರುವ ಐಹೊಳೆಯು ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ಮೂಲಸ್ಥಾನ. ಆ ಐನೂರ್ವರ ಹೆಸರನ್ನು ಹೊತ್ತ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನ ಹತ್ತಿರ ದೊರೆತಿದೆ. ಗಾಮನು ಹುಟ್ಟುವುದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ, ಮಲಪ್ರಭೆಯ ದಂಡೆಯ ಊರೊಂದರ ಹೆಸರು ಕರ್ಪೂರದ ದ್ವೀಪದಲ್ಲಿ ಕಲ್ಲಿನ ಮೇಲೆ ನಿಂತಿತ್ತು. ಮಧ್ಯಯುಗದ ಅಧ್ಯಾಯದಲ್ಲಿ ಬರೆಯತಕ್ಕದ್ದು ಇದು.

ಇನ್ನು ಉಪಸಂಹಾರದ ಅಧ್ಯಾಯ. ಗಾಮನು ಭಾರತವನ್ನು ಕಂಡುಹಿಡಿದನು ಎಂದು ಕೆಲವು ಪುಸ್ತಕಗಳಲ್ಲಿಯೂ, ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದನು ಎಂದು ಸ್ವಲ್ಪ ಎಚ್ಚರಿಕೆಯುಳ್ಳ ಪುಸ್ತಕಗಳಲ್ಲಿಯೂ ಇದೆ. ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರುವ ದಾರಿಯನ್ನು ಯುರೋಪಿಗೆ ತೋರಿಸಿಕೊಟ್ಟನೆಂದು ಹೇಳಿದರೆ ಮಾತ್ರ ವಾಕ್ಯವು ನಿರ್ದೋಷವಾಗುವುದು. ಮಾಲಿಂದಿಯಿಂದ ಕಲ್ಲೀಕೋಟೆಗೆ ಆತನನ್ನು ಕರೆತಂದವನು ಆ ಕಡಲನ್ನು ಬಲ್ಲ ಒಬ್ಬ ನಾವಿಕನು. ಅದಕ್ಕೂ ಮೊದಲೇ ವೆನಿಸಿನ ನಿಕೊಲೊ ಕೊಂತಿಯು 1420ರ ಸುಮಾರಿಗೆ ವಿಜಯನಗರವನ್ನು ಕಂಡಿದ್ದನು. 1443ರಲ್ಲಿ ಪಾರಸೀಕದ ಅಬ್ದುರ್ ರಝಾಕನು ಬಂದಿದ್ದನು. 1470ರ ಸುಮಾರಿಗೆ ರಷ್ಯದ ತ್ವೇರಿನ ವರ್ತಕ ಅಫನಾಸಿ ನಿಕಿತಿನನು ಬೀದರಿನಲ್ಲಿದ್ದನು. ಇವರಾರೂ ಏನನ್ನೂ ಕಂಡುಹಿಡಿಯಲಿಲ್ಲ, ಕಂಡರು ಅಷ್ಟೆ. ಕನ್ನಡದ ಈ ಕ್ರಿಯಾಪದವು ಬಹು ಅರ್ಥವತ್ತಾಗಿದೆ. ಮೊದಲು ಕಂಡು ಅನಂತರ ಹಿಡಿಯುವುದೇ ಕಂಡುಹಿಡಿಯುವುದಾದರೆ, 1510ರಲ್ಲಿ ಆಲ್ಬುಕರ್ಕನು ಗೋವೆಯಲ್ಲಿ ಮಾಡಿದುದಕ್ಕೆ ಅದು ಅಕ್ಷರಶಃ ಒಪ್ಪುತ್ತದೆ.

ಗೋವೆಯ ಪ್ರಸಂಗವನ್ನು ಇಲ್ಲಿಯ ಓದುಗನಿಗೆ ವಿಸ್ತರಿಸಿ ಹೇಳಬೇಕು. ಆ ಬಂದರು ಅಂದು ವಿಜಯಪುರದ ಆದಿಲಶಾಹಿಗೆ ಸೇರಿತ್ತು. ಪೋರ್ತುಗೀಜರಿಗೆ ಗೋವೆಯ ಮೇಲೆ ಬೀಳುವ ಸಲಹೆಯನ್ನಿತ್ತು ನೆರವಾದವನು ಹೊನ್ನಾವರದ ತಿಮ್ಮಯ್ಯ. ಮಾರ್ಚಿ ತಿಂಗಳಲ್ಲಿ ಹಿಡಿದ ಪಟ್ಟಣವು ಮೇ ತಿಂಗಳಲ್ಲಿ ಕೈಬಿಟ್ಟು, ನವೆಂಬರಿನಲ್ಲಿ ಮರಳಿ ಅವರ ವಶವಾಯಿತು. ಆದಿಲಶಾಹಿಯ ಸ್ಥಾಪಕನಾದ ಯೂಸುಫನು ತೀರಿದುದೂ ಅದೇ ವರ್ಷ. ಅಲ್ಲಿಂದ ಮುಂದೆ ಅರಬ ಕುದುರೆಗಳ ವ್ಯಾಪಾರದ ಬೀಗದ ಕೈ ವಿಜಯಪುರದವರ ಕೈಯಲ್ಲಿ ಉಳಿಯಲಿಲ್ಲ. ಕಡಲಿನಲ್ಲಿ ನಡೆಯುವ ಹಡಗಿಗೆ ಪೋರ್ತುಗೀಜರ ರಹದಾರಿ ಬೇಕಾಯಿತು. ಹೀಗೆ ಅನ್ವೇಷಣೆಗಳ ಯುಗವೆಂದು ಪುಸ್ತಕಗಳು ಕರೆಯುವ ಕಾಲವು ಈ ಸೀಮೆಗೆ ಮೊಟ್ಟಮೊದಲು ಒಂದು ಬಂದರಿನ ನಷ್ಟವಾಗಿ ಬಂದಿತು.

ಇದನ್ನು ಕಂಡವರ ಕಡೆಯಿಂದ ಬರೆದ ಇತಿಹಾಸವು ಇಲ್ಲವೆಂದು ಹೇಳುವುದಕ್ಕೂ ಆಗದು. ಮಲಬಾರದ ಶೇಖ್ ಝೈನುದ್ದೀನನು ಪೋರ್ತುಗೀಜರು ಬಂದುದರಿಂದ ಆ ತೀರದ ಜನರಿಗಾದ ಪಾಡನ್ನು ಅರಬೀ ಭಾಷೆಯಲ್ಲಿ ವರ್ಣಿಸಿ, ತುಹ್ಫತುಲ್ ಮುಜಾಹಿದೀನ್ ಎಂಬ ಆ ಗ್ರಂಥವನ್ನು ಅರ್ಪಿಸಿದುದು ವಿಜಯಪುರದ ಮೊದಲನೆಯ ಅಲಿ ಆದಿಲಶಹನಿಗೆ. ಅದೇ ಅಲಿ ಆದಿಲಶಹನು ಅಹಮದನಗರದವರೊಡನೆಯೂ ಕಲ್ಲೀಕೋಟೆಯ ಸಾಮೂದಿರಿಯೊಡನೆಯೂ ಕೂಡಿ 1570-71ರಲ್ಲಿ ಪೋರ್ತುಗೀಜರ ಮೇಲೆ ಎದ್ದು ಗೋವೆಗೆ ಮುತ್ತಿಗೆ ಹಾಕಿ ವಿಫಲನಾದನು. ಎರಡನೆಯ ಇಬ್ರಾಹಿಮನ ಕಾಲದಲ್ಲಿ ವಿಜಯಪುರದಲ್ಲಿ ಕುಳಿತು ತನ್ನ ದೊಡ್ಡ ಇತಿಹಾಸವನ್ನು ಬರೆದ ಫಿರಿಸ್ತನು ಮಲಬಾರಕ್ಕೊಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅದರಲ್ಲಿ ಝೈನುದ್ದೀನನ ಗ್ರಂಥವನ್ನು ಬಳಸಿಕೊಂಡಿದ್ದಾನೆ. ಫಿರಿಸ್ತನೂ ದೋಷರಹಿತನಲ್ಲ. ಯೂಸುಫನು ತುರ್ಕಿಯ ಸುಲ್ತಾನ ಮುರಾದನ ಮಗನೆಂದು ಆತನು ಹೇಳುವ ಕಥೆಯನ್ನು ಅರ್ಥವಾದವೆಂದು ಎಣಿಸುವುದೇ ಲೇಸು. ಆದರೂ ಅನ್ವೇಷಣೆಯ ಅಧ್ಯಾಯವನ್ನು ಬರೆಯುವ ಕನ್ನಡಿಗನಿಗೆ ಬಾರೋಸ್ ಕೊರ್ರಿಯಾ ಮೊದಲಾದ ಪೋರ್ತುಗೀಜ ಲೇಖಕರ ಮಾತು ಹೇಗೋ, ಇವರ ಮಾತೂ ಹಾಗೆಯೇ ಸಾಕ್ಷ್ಯ. ಫಿರಿಸ್ತನ ಗ್ರಂಥವು ಬ್ರಿಗ್ಸನಿಂದ 1829ರಲ್ಲಿ ಆಂಗ್ಲಕ್ಕೆ ಬಂದಿತು. ಆದಿಲಶಾಹಿ ಕಾಲದ ಕೃತಿಗಳನ್ನು ಕನ್ನಡಕ್ಕೆ ತರುವ ಸ್ತುತ್ಯವಾದ ಕಾರ್ಯವು ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರದಲ್ಲಿ ನಡೆದಿದೆ. ಸಾಮಗ್ರಿಯು ದೊರೆಯದೆಂಬ ನೆಪವು ಇನ್ನು ಸಲ್ಲದು.

ಕೊಲಂಬಸನು ಮುಟ್ಟಿದ ಭೂಖಂಡವು ಮನಗೂಳಿಯ ಅಡಿಗೆಮನೆಗೆ ಹೇಗೆ ಬಂದಿತೆಂಬುದನ್ನು ಯಾವ ಕೈಪಿಡಿಯೂ ಹೇಳುವಂತೆ ತೋರುವುದಿಲ್ಲ. ಅಕ್ಬರನ ರಾಯಭಾರಿಯಾಗಿ ವಿಜಯಪುರಕ್ಕೆ ಬಂದ ಅಸದ್ ಬೇಗನು ಇಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡು, 1604ರ ಸುಮಾರಿಗೆ ಅದನ್ನೂ ರತ್ನಖಚಿತವಾದ ಕೊಳವೆಯನ್ನೂ ಕೊಂಡೊಯ್ದು ಬಾದಶಹನ ಮುಂದಿಟ್ಟನು. ಆಸ್ಥಾನವೈದ್ಯರು ಇದು ಪರೀಕ್ಷಿಸದ ವಸ್ತುವೆಂದು ಆಕ್ಷೇಪಿಸಿದರೂ ಬಾದಶಹನು ಒಂದೆರಡು ಸಲ ಸೇದಿ ನೋಡಿದನೆಂದು ಆತನೇ ಬರೆದಿಟ್ಟಿದ್ದಾನೆ. ಅಮೇರಿಕದ ಸೊಪ್ಪು ಆಗ್ರೆಯ ಅರಮನೆಯನ್ನು ಹೊಕ್ಕುದು ವಿಜಯಪುರದ ಬಾಗಿಲಿನಿಂದ. ಮೆಣಸನ್ನು ಅರಸಿ ಬಂದವರು ತಂದುಕೊಟ್ಟ ಹೊಸ ಕಾಯಿಯು ಮೆಣಸಿನ ಹೆಸರನ್ನೇ ಅಪಹರಿಸಿ ಮೆಣಸಿನಕಾಯಿಯಾಯಿತು. ಮೂಲದ ಮೆಣಸು ಈಗ ಕರಿಮೆಣಸೆಂದು ವಿಶೇಷಣವನ್ನು ಹಚ್ಚಿಕೊಂಡು ತಿರುಗಬೇಕಾಗಿದೆ. ಬಡಗಣ ಸೀಮೆಯವರು ದಿನವೂ ಆಡುವ ಬಟಾಟಿ, ಪೇರಲ, ಪಗಾರ, ಚಾವಿ, ಪಾದ್ರಿ ಎಂಬ ಮಾತುಗಳು ಪೋರ್ತುಗೀಜ ಮೂಲದವು. ಪರಂಗಿ ಹಣ್ಣಿನ ಹೆಸರಿನಲ್ಲಿ ಫ್ರಾಂಕರ ಜನಾಂಗವೇ ಅಡಗಿದೆ. ಗೋವಿನಜೋಳವನ್ನೂ ಈ ಸಾಲಿಗೆ ಸೇರಿಸಿ ಗೋವೆಗೆ ಗಂಟುಹಾಕುವ ಆಸೆಯು ಯಾರಿಗಾದರೂ ಹುಟ್ಟೀತು. ಇಂಡಿಯ ವಿಷಯದಲ್ಲಿ ಹೇಳಿದ ಎಚ್ಚರಿಕೆಯು ಅಲ್ಲಿಯೂ ಬೇಕು. ಭಾಷೆಯನ್ನು ಕಲಿಸುವ ಉಪಾಧ್ಯಾಯನು ಅನ್ಯದೇಶ್ಯ ಶಬ್ದಗಳ ಪಾಠದಲ್ಲಿ ಈ ಪದಗಳನ್ನು ಬಾಯಿಪಾಠ ಮಾಡಿಸುತ್ತಾನೆ. ಇತಿಹಾಸವನ್ನು ಕಲಿಸುವವನು ಪಕ್ಕದ ಕೋಣೆಯಲ್ಲಿ 1492 ಮತ್ತು 1498 ಎಂಬ ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತಾನೆ. ಎರಡೂ ಒಂದೇ ಪಾಠವೆಂಬುದು ಇಬ್ಬರಿಗೂ ತಿಳಿಯದು.

ಕಡೆಯದಾಗಿ ನಕಾಶೆಗಳ ವಿಷಯ. ಅನ್ವೇಷಣೆಯ ಅಧ್ಯಾಯಕ್ಕೆ ಸೇರಿಸುವ ನಕಾಶೆಗಳಲ್ಲಿ ಲಿಸ್ಬನ್ನಿನಿಂದ ಹೊರಟ ಗೆರೆಯೊಂದು ಆಫ್ರಿಕವನ್ನು ಬಳಸಿ ಕಲ್ಲೀಕೋಟೆಯಲ್ಲಿ ನಿಂತುಬಿಡುತ್ತದೆ. ಹೊರ್ಮುಜಿನಿಂದ ಭಟ್ಕಳಕ್ಕೂ ಗೋವೆಗೂ ಕುದುರೆಗಳು ಬರುತ್ತಿದ್ದ ಗೆರೆಯಿಲ್ಲ. ಐಹೊಳೆಯವರು ಪೂರ್ವಸಮುದ್ರವನ್ನು ದಾಟಿದ ಗೆರೆಯಿಲ್ಲ. ಗೋವೆಯಿಂದ ಘಟ್ಟವನ್ನು ಹತ್ತಿ ವಿಜಯಪುರವನ್ನು ಮುಟ್ಟುವ ಗೆರೆಯೂ ಇಲ್ಲ. ಮುಂದಿನ ಮುದ್ರಣದಲ್ಲಿ ಗ್ರಂಥಕರ್ತರು ಪಾಠವನ್ನು ತಿದ್ದಲು ಅವಕಾಶವಿಲ್ಲದಿದ್ದರೂ ಈ ಮೂರು ಗೆರೆಗಳನ್ನಾದರೂ ಎಳೆಯಿಸಬಹುದು.